ಅಣ್ಣನ ಕಾರಿಗೆ ಯಾವ ಟರ್ಬೊ?

ನನ್ನ ಅಣ್ಣ ಹತ್ತೊಂಬತ್ತನೇ ವಯಸ್ಸಿಗೆ ದುಬೈಗೆ ಹೋದವನು. ಈಗ ಹನ್ನೆರಡು ವರ್ಷ ಆಯಿತು. ಮೊದಲ ಕೆಲವು ವರ್ಷದ ಸಂಬಳ ಮನೆಯ ಸಾಲಕ್ಕೆ ಹೋಯಿತು. ಆಮೇಲೆ ಅಕ್ಕನ ಮದುವೆ, ಅದರ ನಂತರ ಹಳೆಯ ಹೆಂಚಿನ ಮನೆ ಕೆಡವಿ ಕಟ್ಟಿದ ತಾರಸಿ ಮನೆ, ಈಗ ನನ್ನ ಕಾಲೇಜು ಫೀಸು. ಇಷ್ಟೆಲ್ಲದರ ನಡುವೆ ಅವನು ತನಗೆಂದೇ ಕೊಂಡ ದೊಡ್ಡ ವಸ್ತು ಒಂದೇ: ಸೆಕೆಂಡ್‌ ಹ್ಯಾಂಡ್ ಮಿತ್ಸುಬಿಷಿ ಲ್ಯಾನ್ಸರ್ ಎವಲ್ಯೂಷನ್ 10. ಕಾರು ಪ್ರಿಯರು ಅದನ್ನು 'ಇವೊ' ಅನ್ನುತ್ತಾರೆ. 2 ಲೀಟರಿನ ಪೆಟ್ರೋಲ್ ಇಂಜಿನ್, ನಾಲ್ಕು ಸಿಲಿಂಡರ್, ನಾಲ್ಕು ಚಕ್ರಕ್ಕೂ ಶಕ್ತಿ, ಕಂಪನಿಯಿಂದಲೇ ಬಂದ ಟರ್ಬೊ, ಸುಮಾರು 290 ಅಶ್ವಶಕ್ತಿ.

ವಾರವಿಡೀ ಅದೇ ಕಾರಿನಲ್ಲಿ ಆಫೀಸಿಗೆ ಹೋಗುತ್ತಾನೆ. ಅತ್ತಿಗೆಯನ್ನೂ ಎರಡು ವರ್ಷದ ಮಗನನ್ನೂ ಕೂರಿಸಿಕೊಂಡು ಸಾಮಾನು ತರಲು ಹೋಗುವುದೂ ಅದರಲ್ಲೇ. ಚಳಿಗಾಲದ ತಿಂಗಳುಗಳಲ್ಲಿ ಮಾತ್ರ ಆಗೊಮ್ಮೆ ಈಗೊಮ್ಮೆ ಹಣ ಕಟ್ಟಿ ದುಬೈ ಆಟೋಡ್ರೋಮ್‌ನಲ್ಲಿ ಓಡಿಸುತ್ತಾನೆ. ಒಂದು ಪೂರ್ತಿ ಸುತ್ತು 5.39 ಕಿಲೋಮೀಟರಿನ ರೇಸ್ ಟ್ರ್ಯಾಕ್ ಅದು.

ಕಳೆದ ವರ್ಷ ಒಂದು ದಿನ ಫೋನಿನಲ್ಲಿ ಕೇಳಿದ: "ನೀನು ಫಿಸಿಕ್ಸ್ ಓದುವವಳು ಅಲ್ವಾ? ನನಗೊಂದು ಲೆಕ್ಕ ಮಾಡಿ ಕೊಡು. ಕಾರಿಗೆ ದೊಡ್ಡ ಟರ್ಬೊ ಹಾಕಬೇಕು ಅಂತ ಉಂಟು. ಎಷ್ಟು ದೊಡ್ಡದು ಅಂತ ಗೊತ್ತಾಗ್ತಾ ಇಲ್ಲ."

ಅವನ ಮುಂದೆ ಎರಡು ಆಯ್ಕೆ ಇದ್ದವು. ಎರಡೂ ಗ್ಯಾರೆಟ್ ಕಂಪನಿಯವು. ಒಂದು ಜಿಟಿ3076ಆರ್, ಇನ್ನೊಂದು ಜಿಟಿ3582ಆರ್. ಅವನ ಗೆಳೆಯನೊಬ್ಬ ತನ್ನ ಇವೊಗೆ ಎರಡನೆಯದನ್ನು ಹಾಕಿಸಿದ್ದ. ಅಣ್ಣನ ಮನಸ್ಸೂ ಅದರ ಕಡೆಗೇ ವಾಲಿತ್ತು. "ಹಾಕುವುದೇ ಆದರೆ ದೊಡ್ಡದನ್ನೇ ಹಾಕುವ, ಆಮೇಲೆ ಬೇಜಾರು ಬೇಡ" ಎನ್ನುವುದು ಅವನ ವಾದ.

ಟರ್ಬೊ ಎಂದರೇನು ಎಂದು ಮೊದಲು ಹೇಳಿಬಿಡುತ್ತೇನೆ. ಇಂಜಿನ್‌ನಿಂದ ಹೊರಗೆ ಹೋಗುವ ಬಿಸಿ ಹೊಗೆಯಲ್ಲಿ ಇನ್ನೂ ಬೇಕಾದಷ್ಟು ಶಕ್ತಿ ಉಳಿದಿರುತ್ತದೆ. ಆ ಹೊಗೆ ಒಂದು ಸಣ್ಣ ಚಕ್ರವನ್ನು ತಿರುಗಿಸುತ್ತದೆ. ಅದು ಟರ್ಬೈನ್. ಅದೇ ದಂಡದ ಇನ್ನೊಂದು ತುದಿಯಲ್ಲಿರುವ ಚಕ್ರ ಹೊರಗಿನ ಗಾಳಿಯನ್ನು ಎಳೆದು ಒತ್ತಿ ಇಂಜಿನ್ ಒಳಗೆ ತಳ್ಳುತ್ತದೆ. ಅದು ಕಂಪ್ರೆಸರ್. ಗಾಳಿ ಹೆಚ್ಚು ಹೋದರೆ ಪೆಟ್ರೋಲ್ ಹೆಚ್ಚು ಸುಡಬಹುದು, ಶಕ್ತಿ ಹೆಚ್ಚು ಬರುತ್ತದೆ. ಸ್ವಿಟ್ಜರ್ಲೆಂಡಿನ ಇಂಜಿನಿಯರ್ ಆಲ್ಫ್ರೆಡ್ ಬ್ಯೂಖಿ 1905ರಲ್ಲೇ ಇದಕ್ಕೆ ಪೇಟೆಂಟ್ ಪಡೆದಿದ್ದರು.

ನಾನು ಅಣ್ಣನಿಗೆ ಕೇಳಿದ ಮೊದಲ ಪ್ರಶ್ನೆ, "ನಿನಗೆ ಎಷ್ಟು ಶಕ್ತಿ ಬೇಕು?" ಎಂದು. ಅವನಿಗೆ ಟರ್ಬೊಗಳ ಹೆಸರು ಬಾಯಿಪಾಠ ಇತ್ತು, ಈ ಪ್ರಶ್ನೆಗೆ ಮಾತ್ರ ಉತ್ತರ ಇರಲಿಲ್ಲ. ಎರಡು ದಿನ ಬಿಟ್ಟು, "400 ಇದ್ದರೆ ನನಗೆ ಸಾಕು" ಎಂದ. ಅಲ್ಲಿಂದ ಲೆಕ್ಕ ಶುರುವಾಯಿತು.

ಪ್ರಥಮ ಪಿಯುಸಿಯಲ್ಲಿ ನಾವೆಲ್ಲ ಓದಿದ ಅನಿಲ ಸಮೀಕರಣವೇ ಇಲ್ಲಿ ಸಾಕು. ನಾಲ್ಕು ಸ್ಟ್ರೋಕಿನ ಇಂಜಿನ್ ಎರಡು ಸುತ್ತಿಗೆ ಒಮ್ಮೆ ತನ್ನ ಪೂರ್ತಿ ಗಾತ್ರದ ಗಾಳಿ ಎಳೆಯುತ್ತದೆ. 2 ಲೀಟರಿನ ಇಂಜಿನ್ ನಿಮಿಷಕ್ಕೆ 7000 ಸುತ್ತು ತಿರುಗಿದರೆ 7000 ಲೀಟರ್, ಅಂದರೆ 7 ಘನ ಮೀಟರ್. ಸಿಲಿಂಡರ್ ಪೂರ್ತಿ ತುಂಬುವುದಿಲ್ಲ, 95 ಶೇಕಡಾ ಎಂದು ಹಿಡಿದೆ. ಒತ್ತಡ ವಾತಾವರಣದ ಎರಡೂವರೆ ಪಟ್ಟು, ಇಂಟರ್‌ಕೂಲರ್ ದಾಟಿದ ಗಾಳಿಯ ಉಷ್ಣತೆ 50 ಡಿಗ್ರಿ ಎಂದಿಟ್ಟುಕೊಂಡರೆ ಒಂದು ಘನ ಮೀಟರ್ ಗಾಳಿಯ ತೂಕ ಸುಮಾರು 2.7 ಕಿಲೋ. ಗುಣಿಸಿದರೆ ನಿಮಿಷಕ್ಕೆ ಸುಮಾರು 18 ಕಿಲೋ ಗಾಳಿ. ನಿಮಿಷಕ್ಕೆ ಒಂದು ಕಿಲೋ ಗಾಳಿಗೆ ಹೆಚ್ಚುಕಡಿಮೆ 22 ಅಶ್ವಶಕ್ತಿ ಎಂಬುದು ಈ ಕೆಲಸ ಮಾಡುವವರು ಬಳಸುವ ಅಂದಾಜು. 18ನ್ನು 22ರಿಂದ ಗುಣಿಸಿ. 396 ಬರುತ್ತದೆ!

ನಮ್ಮ ಫಿಸಿಕ್ಸ್ ಮೇಡಂಗೆ ಈ ಲೆಕ್ಕ ತೋರಿಸಿದೆ. ಅವರು ನಕ್ಕು, "ಇದನ್ನು ಪರೀಕ್ಷೆಗೆ ಕೇಳುವುದಿಲ್ಲ, ಆದರೆ ಸರಿ ಉಂಟು" ಎಂದರು.

ಅಷ್ಟು ಗಾಳಿಯನ್ನು ಎರಡು ಟರ್ಬೊಗಳೂ ಕೊಡಬಲ್ಲವು. ಹಾಗಾದರೆ ವ್ಯತ್ಯಾಸ ಎಲ್ಲಿ? ಅದು ಹೆಸರಿನಲ್ಲೇ ಇದೆ. 3076 ಎಂಬುದರಲ್ಲಿ 76 ಎಂದರೆ ಕಂಪ್ರೆಸರ್ ಚಕ್ರದ ಹೊರ ವ್ಯಾಸ, ಮಿಲಿಮೀಟರಿನಲ್ಲಿ. 3582ರಲ್ಲಿ ಅದು 82. ಹೊಗೆಯ ಕಡೆಯ ಟರ್ಬೈನ್ ಚಕ್ರ ಮೊದಲನೆಯದರಲ್ಲಿ 60 ಮಿಲಿಮೀಟರ್, ಎರಡನೆಯದರಲ್ಲಿ 68. ಕೇವಲ 8 ಮಿಲಿಮೀಟರ್, ಏನು ಮಹಾ ಅನ್ನಿಸಬಹುದು. ಆದರೆ ತಿರುಗುವ ವಸ್ತುವಿನ ಜಡತ್ವ ಭ್ರಮಣಾಂಕ ನೆನಪಿಸಿಕೊಳ್ಳಿ. ಒಂದೇ ಆಕಾರದ, ಒಂದೇ ಲೋಹದ ಚಕ್ರವಾದರೆ ದ್ರವ್ಯರಾಶಿ ತ್ರಿಜ್ಯದ ಘನದಷ್ಟು ಏರುತ್ತದೆ. ಅದನ್ನು ಮತ್ತೆ ತ್ರಿಜ್ಯದ ವರ್ಗದಿಂದ ಗುಣಿಸಬೇಕು. ಒಟ್ಟು ಐದನೇ ಘಾತ. 68ನ್ನು 60ರಿಂದ ಭಾಗಿಸಿ ಐದು ಸಲ ಗುಣಿಸಿದರೆ ಸುಮಾರು 1.87. ಅಂದರೆ ದೊಡ್ಡ ಟರ್ಬೈನ್ ಚಕ್ರವನ್ನು ವೇಗಕ್ಕೆ ಏರಿಸುವುದು ಸಣ್ಣದಕ್ಕಿಂತ ಬಹುತೇಕ ಎರಡರಷ್ಟು ಕಷ್ಟ. ಆಕ್ಸಿಲರೇಟರ್ ಒತ್ತಿದ ಮೇಲೆ ಶಕ್ತಿ ಬರಲು ಆಗುವ ತಡವನ್ನು 'ಲ್ಯಾಗ್' ಎನ್ನುತ್ತಾರೆ. ಅದರ ಮೂಲ ಇಲ್ಲಿದೆ.

ಇನ್ನು ಟರ್ಬೈನ್ ಸುತ್ತಲಿನ ಬಸವನಹುಳುವಿನ ಆಕಾರದ ಕವಚ. ಅದರ ಗಾತ್ರವನ್ನು 'ಎ ಬೈ ಆರ್' ಎಂಬ ಅಂಕಿಯಿಂದ ಹೇಳುತ್ತಾರೆ. 0.63, 0.82, 1.06 ಹೀಗೆ. ಅಂಕಿ ಸಣ್ಣದಾದರೆ ಹೊಗೆಯ ದಾರಿ ಕಿರಿದು, ಚಕ್ರಕ್ಕೆ ಬೇಗ ಹೊಡೆಯುತ್ತದೆ, ಒತ್ತಡ ಬೇಗ ಏರುತ್ತದೆ. ತೋಟದ ಪೈಪಿನ ಬಾಯಿಗೆ ಬೆರಳು ಅಡ್ಡ ಹಿಡಿದರೆ ನೀರು ಜೋರಾಗಿ ಚಿಮ್ಮುವ ಹಾಗೆ. ಆದರೆ ಇಂಜಿನ್ ತುಂಬಾ ವೇಗವಾಗಿ ತಿರುಗುವಾಗ ಅದೇ ಕಿರಿದಾದ ದಾರಿ ಹೊಗೆಯನ್ನು ಹೊರಗೆ ಹೋಗಲು ಬಿಡದೆ ಉಸಿರುಗಟ್ಟಿಸುತ್ತದೆ. ಒಂದನ್ನು ಪಡೆಯಲು ಇನ್ನೊಂದನ್ನು ಸ್ವಲ್ಪ ಬಿಡಲೇಬೇಕು.

ಮುಂದಿನ ಪ್ರಶ್ನೆ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸಿತು. ಕಾರು ಎಲ್ಲಿ ಓಡುತ್ತದೆ? ಅಣ್ಣನ ಕಾರಿನ ಗೇರ್ ಅನುಪಾತ ಮತ್ತು ಟೈರಿನ ಸುತ್ತಳತೆ ಕೇಳಿ ಬರೆದುಕೊಂಡೆ. ಶೇಖ್ ಝಾಯೆದ್ ರಸ್ತೆಯಲ್ಲಿ ಐದನೇ ಗೇರಿನಲ್ಲಿ 100 ಕಿಲೋಮೀಟರ್ ವೇಗದಲ್ಲಿ ಹೋದರೆ ಇಂಜಿನ್ ತಿರುಗುವುದು ಸುಮಾರು 2900 ಸುತ್ತು. ಪೇಟೆಯೊಳಗೆ ನಾಲ್ಕನೇ ಗೇರಿನಲ್ಲಿ 60ಕ್ಕೆ ಸುಮಾರು 2500. ಅದೇ ಟ್ರ್ಯಾಕಿನಲ್ಲಿ 7000ಕ್ಕೆ ಎಳೆದು ಎರಡರಿಂದ ಮೂರನೇ ಗೇರಿಗೆ ಹಾಕಿದರೆ ಸುತ್ತು ಇಳಿಯುವುದು 5200ರ ಹತ್ತಿರಕ್ಕೆ ಮಾತ್ರ. ಮೂರರಿಂದ ನಾಲ್ಕಕ್ಕೆ ಹಾಕಿದರೆ 5300. ಟ್ರ್ಯಾಕಿನಲ್ಲಿ ದೊಡ್ಡ ಟರ್ಬೊ ನಿದ್ದೆಗೆ ಹೋಗುವುದು ಕಡಿಮೆ. ರಸ್ತೆಯಲ್ಲಿ ಅದು ಎಚ್ಚರವಾಗುವುದೇ ಕಷ್ಟ. ಹಾಗೆ ಎಚ್ಚರವಾದಾಗ ನಿಧಾನವಾಗಿ ಏಳುವುದೂ ಇಲ್ಲ. ನಾಲ್ಕೂವರೆ ಸಾವಿರದವರೆಗೆ ಏನೂ ಇಲ್ಲದೆ ಆಮೇಲೆ ಒಮ್ಮೆಲೇ ಎಲ್ಲ ಶಕ್ತಿಯೂ ಬಂದರೆ, ಅದು ಒದ್ದೆ ರಸ್ತೆಯ ತಿರುವಿನಲ್ಲೋ ಎದುರಿನ ಲಾರಿಯನ್ನು ನೋಡಿಕೊಂಡು ಓವರ್‌ಟೇಕ್ ಮಾಡುವಾಗಲೋ ಆದರೆ? ಹಿಂದಿನ ಸೀಟಿನಲ್ಲಿ ಮಗು ಇದೆ.

ಬಿಸಿಯ ಲೆಕ್ಕವೂ ಇದೆ. ಗಾಳಿಯನ್ನು ಬೇಗನೆ ಒತ್ತಿದರೆ ಅದು ಬಿಸಿಯಾಗುತ್ತದೆ. ನಾವು ಓದುವ ಅಡಿಯಾಬ್ಯಾಟಿಕ್ ಪ್ರಕ್ರಿಯೆ ಇದೇ. ದುಬೈಯ ಬೇಸಿಗೆಯ 45 ಡಿಗ್ರಿ ಗಾಳಿಯನ್ನು ಎರಡೂವರೆ ಪಟ್ಟು ಒತ್ತಿದರೆ, ಕಂಪ್ರೆಸರ್ 72 ಶೇಕಡಾ ದಕ್ಷತೆಯಿಂದ ಕೆಲಸ ಮಾಡಿದರೂ, ಹೊರಬರುವ ಗಾಳಿ 175 ಡಿಗ್ರಿ ದಾಟುತ್ತದೆ. ದಕ್ಷತೆ 60ಕ್ಕೆ ಇಳಿದರೆ 200 ದಾಟುತ್ತದೆ. ಬಿಸಿ ಗಾಳಿ ಒಳಗೆ ಹೋದರೆ ಪೆಟ್ರೋಲ್ ಕಿಡಿಗೆ ಕಾಯದೆ ತಾನೇ ಸಿಡಿದು ಪಿಸ್ಟನ್ ಒಡೆಯಬಹುದು. ಅಲ್ಲಿ ಬಂಕಿನಲ್ಲಿ 98 ಆಕ್ಟೇನ್ ಪೆಟ್ರೋಲ್ ಸಿಗುವುದರಿಂದ ಸ್ವಲ್ಪ ರಕ್ಷಣೆ ಇದೆ, ಅಷ್ಟೇ. ಆದ್ದರಿಂದ ಯಾವ ಟರ್ಬೊ ನಮಗೆ ಬೇಕಾದ ಗಾಳಿಯನ್ನು ಒಳ್ಳೆಯ ದಕ್ಷತೆಯಲ್ಲಿ ಕೊಡುತ್ತದೆ ಎಂದು ಕಂಪನಿ ಕೊಡುವ ಕಂಪ್ರೆಸರ್ ನಕ್ಷೆಯಲ್ಲಿ ನೋಡಬೇಕು. ನಕ್ಷೆಯ ಎಡಕ್ಕೆ ಸರ್ಜ್ ಗೆರೆ ಇರುತ್ತದೆ. ಗಾಳಿಯ ಹರಿವು ಅದಕ್ಕಿಂತ ಕಡಿಮೆಯಾದರೆ ಒತ್ತಿದ ಗಾಳಿ ಹಿಂದಕ್ಕೆ ನುಗ್ಗಿ ಟರ್ಬೊ ನಡುಗುತ್ತದೆ. ಚಕ್ರ ದೊಡ್ಡದಾದಷ್ಟೂ ಆ ಗೆರೆ ಬಲಕ್ಕೆ, ನಾವು ದಿನವೂ ಓಡಿಸುವ ಜಾಗದ ಕಡೆಗೆ ಸರಿಯುತ್ತದೆ.

ಕೊನೆಗೆ ಖರ್ಚು. ಟರ್ಬೊ ಒಂದೇ ಬಂದು ಕೂರುವುದಿಲ್ಲ, ಮದುವೆ ದಿಬ್ಬಣದ ಹಾಗೆ ಹಿಂದೆ ಸಾಲು ಬರುತ್ತದೆ. ನಿಮಿಷಕ್ಕೆ 18 ಕಿಲೋ ಗಾಳಿಗೆ ಸುಮಾರು ಎರಡು ಲೀಟರ್ ಪೆಟ್ರೋಲ್ ಬೇಕು. ಅಷ್ಟು ಸುರಿಯಲು ದೊಡ್ಡ ಇಂಜೆಕ್ಟರ್, ಪಂಪು, ಇಂಟರ್‌ಕೂಲರ್, ಗಟ್ಟಿ ಕ್ಲಚ್, ಕಂಪ್ಯೂಟರಿನ ಹೊಸ ಟ್ಯೂನಿಂಗ್. 400ಕ್ಕೆ ಇಷ್ಟು. ಗೆಳೆಯನ ಹಾಗೆ 550ಕ್ಕೆ ಹೋಗಬೇಕಾದರೆ 7000 ಸುತ್ತಿನಲ್ಲಿ ಒತ್ತಡ ವಾತಾವರಣದ ಮೂರೂವರೆ ಪಟ್ಟು ಆಗಬೇಕು. ಆಗ ಇಂಜಿನ್ ಬಿಚ್ಚಿ ಫೋರ್ಜ್ ಮಾಡಿದ ಪಿಸ್ಟನ್ ಮತ್ತು ಕನೆಕ್ಟಿಂಗ್ ರಾಡ್ ಹಾಕಲೇಬೇಕು ಎಂದು ಗ್ಯಾರೇಜಿನವರು ಹೇಳಿದರು. ಪಟ್ಟಿ ಕೂಡಿಸಿದಾಗ ಟರ್ಬೊ ಬೆಲೆಯ ಹಲವು ಪಟ್ಟು ಆಯಿತು.

ಇದನ್ನೆಲ್ಲ ನಾಲ್ಕು ಪುಟದಲ್ಲಿ ಬರೆದು ಫೋಟೋ ತೆಗೆದು ಅಣ್ಣನಿಗೆ ಕಳಿಸಿದೆ. ಉಮ್ಮನಿಗೆ ಗೊತ್ತಾದಾಗ ಮನೆಯಲ್ಲಿ ಸಣ್ಣ ಗಲಾಟೆಯೇ ಆಯಿತು. "ಇರುವ ಕಾರನ್ನು ಮಾರಲು ಹೇಳು ಅಂದರೆ ನೀನು ಅದಕ್ಕೆ ಲೆಕ್ಕ ಬರೆದು ಕೊಡುತ್ತೀಯಾ?" ಎಂದರು. ಉಮ್ಮನ ಹೆದರಿಕೆ ನನಗೆ ಅರ್ಥವಾಗುತ್ತದೆ. ವೇಗದಿಂದ ಮಕ್ಕಳನ್ನು ಕಳೆದುಕೊಂಡ ಮನೆಗಳು ನಮ್ಮ ಊರಲ್ಲೂ ಇವೆ. ಆದರೆ ಹನ್ನೆರಡು ವರ್ಷ ನಮ್ಮ ಬೇಕುಗಳನ್ನೆಲ್ಲ ಪೂರೈಸಿದವನಿಗೆ ಅವನ ಒಂದೇ ಒಂದು ಬೇಕು ಬೇಡ ಎಂದು ಹೇಳುವ ಹಕ್ಕು ನಮಗಿದೆಯೇ? ಉಮ್ಮನಿಗೆ ನಾನು ಇಷ್ಟೇ ಹೇಳಿದೆ: "ಬೇಡ ಅಂದರೆ ಅವನು ನಮಗೆ ಹೇಳದೆ ದೊಡ್ಡದನ್ನೇ ಹಾಕಿಸುತ್ತಾನೆ. ಲೆಕ್ಕ ಕೊಟ್ಟರೆ ಅವನೇ ಯೋಚಿಸುತ್ತಾನೆ." ಉಮ್ಮ ಮಾತಾಡಲಿಲ್ಲ. ರಾತ್ರಿ ಊಟಕ್ಕೆ ಕೂತಾಗ, "ಸಣ್ಣದು ಯಾವುದು?" ಎಂದು ಕೇಳಿದರು.

ಒಂದು ವಾರ ಅಣ್ಣನಿಂದ ಸುದ್ದಿಯಿಲ್ಲ. ಆಮೇಲೆ ಫೋನ್ ಬಂತು. 3076, ಅದಕ್ಕೆ 0.63ರ ಕವಚ, ಒತ್ತಡ ಎರಡೂವರೆ ಪಟ್ಟಿಗಿಂತ ಮೇಲೆ ಹೋಗದ ಹಾಗೆ ಟ್ಯೂನಿಂಗ್. ಅಲ್ಲಿ ಇಂಜಿನ್ ಬದಲಾವಣೆಗೆ ಅನುಮತಿ ಬೇಕು. ಅದನ್ನೂ ಮೊದಲು ಮಾಡಿಸಿಕೊಳ್ಳುವುದಾಗಿ ಹೇಳಿದ. "ಉಳಿದ ಹಣಕ್ಕೆ ಏನು ಮಾಡ್ತೀಯಾ?" ಎಂದೆ. "ಹೊಸ ಬ್ರೇಕು, ಹೊಸ ಟೈರು" ಎಂದ. ಸ್ವಲ್ಪ ತಡೆದು, "ಮತ್ತೆ ಊರಿಗೆ ಮೂರು ಟಿಕೆಟ್" ಎಂದ. ಅವನು ಬಂದು ಎರಡು ವರ್ಷ ದಾಟಿತ್ತು. ಅವನ ಮಗನನ್ನು ಉಮ್ಮ ನೋಡಿದ್ದು ಮೊಬೈಲಿನಲ್ಲಿ ಮಾತ್ರ.

ಈ ಚಳಿಗಾಲದಲ್ಲಿ ಟ್ರ್ಯಾಕಿಗೆ ಹೋಗಿಬಂದು ಅಣ್ಣ ವರದಿ ಕೊಟ್ಟ. ನೇರ ದಾರಿಯಲ್ಲಿ ಗೆಳೆಯನ ಕಾರು ಇವನನ್ನು ಬಿಟ್ಟು ಹೋಗುತ್ತದಂತೆ, ಅದರಲ್ಲಿ ಸಂಶಯವಿಲ್ಲ. ನಿಧಾನದ ತಿರುವಿನಿಂದ ಹೊರಗೆ ಬರುವಾಗ ಮಾತ್ರ ಇವನದು ಮುಂದೆ. ರಸ್ತೆಯಲ್ಲಿ ಹಳೆಯ ಟರ್ಬೊಗಿಂತ ಸ್ವಲ್ಪ ತಡ, ಆದರೆ ಕಾಯುವಷ್ಟು ತಡವಲ್ಲ. "ದೊಡ್ಡದು ಹಾಕದ್ದಕ್ಕೆ ಬೇಜಾರು ಉಂಟಾ?" ಎಂದು ಕೇಳಿದೆ. "ನೇರ ದಾರಿಯಲ್ಲಿ ಉಂಟು" ಎಂದು ನಕ್ಕ.

ಗೆಳೆಯರೇ, ಗೆಳತಿಯರೇ, ನಮ್ಮ ಕಾಲೇಜಿನ ಪಾರ್ಕಿಂಗಿನಲ್ಲೂ ಸೈಲೆನ್ಸರ್ ಬದಲಿಸಿದ ಬೈಕುಗಳಿವೆ. ಕಾರಿನ ಕನಸು ಕಾಣುವವರೂ ಇದ್ದೀರಿ. ನಮ್ಮಲ್ಲಿ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ಮೂಲ ವಿವರಕ್ಕೆ ವ್ಯತ್ಯಾಸವಾಗುವ ಹಾಗೆ ವಾಹನವನ್ನು ಮಾರ್ಪಡಿಸುವಂತಿಲ್ಲ. ವೇಗದ ಆಸೆ ಇದ್ದವರಿಗೆ ಚೆನ್ನೈ ಬಳಿಯ ಇರುಂಗಾಟ್ಟುಕೋಟೈಯಲ್ಲಿ, ಕೊಯಮತ್ತೂರಿನ ಕರಿ ಸ್ಪೀಡ್‌ವೇಯಲ್ಲಿ ಟ್ರ್ಯಾಕ್ ಇದೆ. ಏನೇ ಬದಲಿಸುವ ಮೊದಲು ಮೂರು ಪ್ರಶ್ನೆ ಕೇಳಿಕೊಳ್ಳಿ: ನಿಜವಾಗಿ ಎಷ್ಟು ಬೇಕು, ಎಲ್ಲಿ ಓಡಿಸುತ್ತೇನೆ, ಜೊತೆಗೆ ಯಾರು ಕೂರುತ್ತಾರೆ? ಲೆಕ್ಕ ಬರದಿದ್ದರೆ ನನ್ನ ಬಳಿ ಬನ್ನಿ. ಲೈಬ್ರರಿಯಲ್ಲಿ ಮಧ್ಯಾಹ್ನ ಸಿಗುತ್ತೇನೆ. ಅಣ್ಣ ಮುಂದಿನ ತಿಂಗಳು ಬರುತ್ತಾನೆ. ಅವನು ಬಂದರೆ ಗೇರ್ ಅನುಪಾತದ ಬಗ್ಗೆ ನಿಮಗೆ ನನಗಿಂತ ಚೆನ್ನಾಗಿ ಹೇಳಿಯಾನು.

— ದ್ವಿತೀಯ ಪಿಯುಸಿ, ವಿಜ್ಞಾನ ವಿಭಾಗದ ವಿದ್ಯಾರ್ಥಿನಿ