ಮುಚ್ಚಳ ಮೂಸಿದವರ ತೀರ್ಪು

ಅಣ್ಣನ ಮಗಳು ದುಬೈಯಿಂದ ತಂದುಕೊಟ್ಟ ಸೆಂಟಿನ ಬಾಟಲಿಯನ್ನು ಇವತ್ತು ಬೆಳಿಗ್ಗೆ ಆಫೀಸಿಗೆ ಒಯ್ದಿದ್ದೆ. ಪಕ್ಕದ ಟೇಬಲಿನ ಗೆಳತಿ ಮುಚ್ಚಳ ತೆಗೆದು ಮೂಗಿಗೆ ಹಿಡಿದವಳೇ, ಎರಡನೇ ಉಸಿರಿಗೂ ಕಾಯದೆ, "ಅಯ್ಯೋ, ಕೇಕ್ ಅಂಗಡಿ ಕಣೇ ಇದು! ದಿನಾ ಹಾಕ್ಕೊಳ್ಳೋಕಾಗಲ್ಲ, ಮದುವೆ ಮುಂಜಿಗೆ ಇಟ್ಕೋ" ಎಂದು ಮುಚ್ಚಿ ಕೈಗಿಟ್ಟಳು. ಅವಳಿಗೆ ಅದು ಹಿಡಿಸದಿದ್ದರೆ ನನಗೇನೂ ಬೇಸರವಿಲ್ಲ. ಮುಚ್ಚಳ ಮೂಸಿ ತೀರ್ಪು ಕೊಟ್ಟಳಲ್ಲ, ಆ ಸಿಟ್ಟು ಮಾತ್ರ ಮಧ್ಯಾಹ್ನದ ಊಟದವರೆಗೂ ಇಳಿಯಲಿಲ್ಲ.

ಮುಚ್ಚಳ ತೆಗೆದ ಕೂಡಲೇ ಮೂಗಿಗೆ ಬರುವುದು ಆಲ್ಕೋಹಾಲಿನ ಘಾಟು, ಅದರ ಬೆನ್ನಿಗೇ ಬೇಗ ಹಾರಿಹೋಗುವ ಕಿತ್ತಳೆ, ನಿಂಬೆಯಂಥ ತೆಳು ವಾಸನೆಗಳು. ಸಿಹಿ ಸೆಂಟಿನ ಜೀವವಿರುವುದು ತಳದಲ್ಲಿ. ವೆನಿಲ್ಲಾ, ಟೊಂಕಾ ಬೀಜ, ಶ್ರೀಗಂಧ, ಪಚೋಲಿ ಎಲ್ಲವೂ ನಿಧಾನವಾಗಿ ಏಳುವಂಥವು. ಮೈಯ ಬಿಸಿ ತಾಗಿ ಗಂಟೆಗಟ್ಟಲೆ ಆದ ಮೇಲೇ ಅವು ಬಾಯಿಬಿಡುವುದು. ಈ ಬಾಟಲಿಯನ್ನು ನಾನು ಮೈಮೇಲೆ ಹಾಕಿ ನೋಡಿದ್ದೇನೆ. ಮೊದಲರ್ಧ ಗಂಟೆ ಪಾಕ ಉಕ್ಕಿ ಒಲೆಗೆ ಸುರಿದ ಹಾಗೆ ಗದ್ದಲ, ಒಪ್ಪುತ್ತೇನೆ. ಹನ್ನೊಂದರ ಹೊತ್ತಿಗೆ ಸಿಹಿ ಹಿಂದೆ ಸರಿದು ಹುರಿದ ಬಾದಾಮಿಯ ಸಣ್ಣ ಕಹಿ ಮುಂದೆ ಬರುತ್ತದೆ. ಮೂರು ಗಂಟೆಗೆ ಮಣಿಕಟ್ಟು ಮೂಸಿದರೆ ಒಣಹುಲ್ಲು, ಹಳೇ ಮರದ ಪೆಟ್ಟಿಗೆ, ಎಲ್ಲೋ ಹಿಂದೆ ಹಾಲಿನ ಕೆನೆ. ಒಣಹುಲ್ಲಿಗೂ ಟೊಂಕಾ ಬೀಜಕ್ಕೂ ಆ ಪರಿಮಳ ಕೊಡುವುದು ಕೂಮರಿನ್ ಎಂಬ ಒಂದೇ ವಸ್ತು. ದಿನಬಳಕೆಗೆ ಆದೀತೋ ಇಲ್ಲವೋ ಎಂದು ಕೇಳಬೇಕಾದದ್ದು ಈ ಮೂರು ಗಂಟೆಯ ವಾಸನೆಯನ್ನು. ದಿನದ ಹೆಚ್ಚು ಹೊತ್ತು ನಮ್ಮ ಜೊತೆ ಇರುವುದು ಅದೇ ತಾನೆ?

ಕಡಿಮೆ ಹಾಕಿಕೊಳ್ಳಬೇಕು, ಲಿಫ್ಟಿನಲ್ಲಿ, ಬಸ್ಸಿನಲ್ಲಿ ಪಕ್ಕದವರ ಬಗ್ಗೆ ಯೋಚಿಸಬೇಕು ಎಂಬುದನ್ನೆಲ್ಲ ನಾನು ಹೊಸದಾಗಿ ಹೇಳಬೇಕಿಲ್ಲ. ನಮ್ಮ ಮೂಗು ನಮ್ಮದೇ ವಾಸನೆಗೆ ಬಹಳ ಬೇಗ ಒಗ್ಗಿಬಿಡುತ್ತದೆ, ಹೋಯಿತೆಂದುಕೊಂಡು ಮತ್ತೆ ಸಿಂಪಡಿಸಬಾರದು, ಅಷ್ಟೆ. ಬಿಳಿ ಹತ್ತಿ ಬಟ್ಟೆ ಉಟ್ಟವರಿಗೆ ಇನ್ನೊಂದು ಮಾತು: ವೆನಿಲ್ಲಾಕ್ಕೆ ಅದರ ಪರಿಮಳ ಕೊಡುವ ವೆನಿಲಿನ್ ಇರುವ ಸೆಂಟು ಬರಬರುತ್ತಾ ಚಹಾ ಬಣ್ಣಕ್ಕೆ ತಿರುಗುತ್ತದೆ, ಕಲೆ ಬಿದ್ದೀತು. ಮೈಗೇ ಹಾಕಿಕೊಳ್ಳುವುದು ಒಳ್ಳೆಯದು.

ತಿನ್ನುವ ಸಿಹಿಯನ್ನೇ ಮೈಗೆ ಪೂಸಿಕೊಳ್ಳುವ ಈಗಿನ ಫ್ಯಾಷನ್ನಿಗೆ ನಾಂದಿಯಾದದ್ದು 1992ರಲ್ಲಿ ಬಂದ, ತಿಯರಿ ಮುಗ್ಲೇರ್ ಹೆಸರಿನ ‘ಏಂಜೆಲ್’. ಅದನ್ನು ಕಟ್ಟಿದ ಒಲಿವಿಯೇ ಕ್ರೆಸ್ಪ್ ಈಥೈಲ್ ಮಾಲ್ಟಾಲನ್ನು ಧಾರಾಳವಾಗಿ ಸುರಿದರು. ಅದು ಜಾತ್ರೆಯ ಬಾಂಬೆ ಮಿಠಾಯಿಯ ವಾಸನೆ, ಸಕ್ಕರೆ ಸುಟ್ಟ ವಾಸನೆ. ಅವರ ಜಾಣತನ ಸಕ್ಕರೆಯಲ್ಲಿಲ್ಲ. ಆ ಸಕ್ಕರೆಯ ಎದುರಿಗೆ ಮಣ್ಣು ಮಣ್ಣಾದ ಪಚೋಲಿಯನ್ನು ಅಷ್ಟೇ ಗಟ್ಟಿಯಾಗಿ ನಿಲ್ಲಿಸಿದ್ದರಲ್ಲಿದೆ. ಆಮೇಲೆ ಬಂದ ಎಷ್ಟೋ ಸೆಂಟುಗಳು ಸಕ್ಕರೆಯನ್ನಷ್ಟೇ ಕಲಿತವು, ಪಚೋಲಿಯನ್ನು ಬಿಟ್ಟವು. ಮೂಗು ಕಟ್ಟುವುದು, ತಲೆ ನೋಯುವುದು ಅಂಥವುಗಳಿಂದ. ಕಹಿಯೋ ಹೊಗೆಯೋ ಮರದ ಒಗರೋ ಇಲ್ಲದ ಸಿಹಿಯನ್ನು ದಿನವೂ ಸಹಿಸುವುದು ಕಷ್ಟ.

ವೆನಿಲ್ಲಾದ ಮಾತು ಬಂದರೆ ಮಾತ್ರ ನನಗೆ ಸಂಯಮ ಉಳಿಯುವುದಿಲ್ಲ. ಶಿರಸಿ ಕಡೆಯ ನಮ್ಮ ಚಿಕ್ಕಪ್ಪನ ಅಡಿಕೆ ತೋಟದಲ್ಲಿ ಗ್ಲಿರಿಸಿಡಿಯ ಗಿಡಗಳಿಗೆ ವೆನಿಲ್ಲಾ ಬಳ್ಳಿ ಹಬ್ಬಿತ್ತು. ಹಸಿರು ಮಿಶ್ರಿತ ತೆಳು ಹಳದಿ ಹೂವು. ಬೆಳಿಗ್ಗೆ ಅರಳಿ ಮಧ್ಯಾಹ್ನಕ್ಕೆ ಬಾಡುತ್ತದೆ, ಅಷ್ಟರೊಳಗೆ ಪರಾಗಸ್ಪರ್ಶ ಆಗಬೇಕು, ಅದೂ ಕೈಯಿಂದಲೇ. ಚಿಕ್ಕಮ್ಮ ಎಡಗೈಯಲ್ಲಿ ಹೂವು ಹಿಡಿದು, ಹಲ್ಲುಕಡ್ಡಿಯಿಂದ ಒಳಗಿನ ಸಣ್ಣ ಪೊರೆಯನ್ನು ಮೇಲೆತ್ತಿ, ಹೆಬ್ಬೆರಳಿನಿಂದ ಪರಾಗದ ಮುದ್ದೆಯನ್ನು ಮೆಲ್ಲಗೆ ಒತ್ತುತ್ತಿದ್ದಳು. ಒಂದು ಹೂವಿಗೆ ಒಂದು ಒತ್ತು, ಒಂದು ಕೋಡು. ಈ ಉಪಾಯ ಕಂಡುಹಿಡಿದವನು ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದ ಎಡ್ಮಂಡ್ ಆಲ್ಬಿಯಸ್. 1841ರಲ್ಲಿ ಅವನಿಗೆ ಹನ್ನೆರಡು ವರ್ಷ, ಗುಲಾಮ ಹುಡುಗ. ಅವನ ಬೆರಳಿನ ಉಪಾಯದಿಂದ ವೆನಿಲ್ಲಾ ತನ್ನ ತವರು ಮೆಕ್ಸಿಕೋ ದಾಟಿ ಬೆಳೆಯಾಗಿ ಹಬ್ಬಿತು, ಎಷ್ಟೋ ಜನ ಶ್ರೀಮಂತರಾದರು. ಅವನು ಬಡತನದಲ್ಲೇ ಸತ್ತ. ಸೆಂಟಿನ ಪೆಟ್ಟಿಗೆಯ ಮೇಲೆ ಯಾರ್ಯಾರದೋ ಹೆಸರಿರುತ್ತದೆ, ಒಂದರ ಮೇಲಾದರೂ ಅವನ ಹೆಸರಿರಬೇಕಿತ್ತು.

ಕೋಡು ಬಲಿಯಲು ಎಂಟೊಂಬತ್ತು ತಿಂಗಳು ಬೇಕು. ಇಷ್ಟೆಲ್ಲ ಆಗಿ ಕೊಯ್ದರೆ ಅದಕ್ಕೆ ಹೇಳಿಕೊಳ್ಳುವಂಥ ವಾಸನೆಯೇ ಇಲ್ಲ! ಬಿಸಿನೀರಲ್ಲಿ ಅದ್ದಿ, ಕಂಬಳಿಯಲ್ಲಿ ಸುತ್ತಿ ಬೆವರಿಸಿ, ದಿನಾ ಒಂದಿಷ್ಟು ಹೊತ್ತು ಬಿಸಿಲು ಕಾಣಿಸಿ, ನೆರಳಲ್ಲಿ ಆರಿಸಿ, ಪೆಟ್ಟಿಗೆಯಲ್ಲಿ ತಿಂಗಳುಗಟ್ಟಲೆ ಮುಚ್ಚಿಟ್ಟರೆ ಕಪ್ಪಗೆ, ಎಣ್ಣೆ ಎಣ್ಣೆಯಾಗಿ, ಬೆರಳಿಗೆ ಸುತ್ತುವಷ್ಟು ಮೆತ್ತಗಾಗುತ್ತದೆ. ಪರಿಮಳ ಬರುವುದು ಆಗ. ಸುಮಾರು ಆರು ಕಿಲೋ ಹಸಿ ಕೋಡಿಗೆ ಒಂದು ಕಿಲೋ ಒಣಗಿದ್ದು. 2003ರ ಸುಮಾರಿಗೆ ಹಸಿ ಕೋಡಿಗೇ ಕಿಲೋಗೆ ಸಾವಿರಗಟ್ಟಲೆ ರೂಪಾಯಿ ಸಿಗುತ್ತಿತ್ತು. ಮಲೆನಾಡಿನ ಜನ ಕಳ್ಳರ ಭಯಕ್ಕೆ ರಾತ್ರಿ ತೋಟದಲ್ಲೇ ಮಲಗುತ್ತಿದ್ದರು. ಒಂದೆರಡು ವರ್ಷದಲ್ಲಿ ಬೆಲೆ ನೆಲಕಚ್ಚಿತು, ಚಿಕ್ಕಪ್ಪ ಬಳ್ಳಿ ಕಿತ್ತು ಗೊಬ್ಬರದ ಗುಂಡಿಗೆ ಹಾಕಿದರು. 1874ರಷ್ಟು ಹಿಂದೆಯೇ ಜರ್ಮನಿಯ ಟೀಮನ್ ಮತ್ತು ಹಾರ್ಮನ್ ಪೈನ್ ಮರದ ರಸದಿಂದ ವೆನಿಲಿನ್ ಮಾಡಿ ತೋರಿಸಿದ್ದರು. ಇವತ್ತು ಲೋಕದಲ್ಲಿ ವೆನಿಲ್ಲಾ ಎಂದು ಘಮಘಮಿಸುವುದರಲ್ಲಿ ಬಹುಪಾಲು ಯಾವ ಬಳ್ಳಿಯನ್ನೂ ಕಂಡದ್ದಲ್ಲ. ನನಗೆ ಅದರ ಮೇಲೆ ಕೋಪವಿಲ್ಲ. ಅದಿಲ್ಲದಿದ್ದರೆ 1925ರ ಗೆರ್ಲೇನ್ ‘ಶಾಲಿಮಾರ್’ ಎಂಬ ಅದ್ಭುತವೂ ಇರುತ್ತಿರಲಿಲ್ಲ, ಅದರ ಮೈ ನಿಂತಿರುವುದೇ ಈಥೈಲ್ ವೆನಿಲಿನ್ ಮೇಲೆ. ಆದರೆ ತಿಂಗಳುಗಟ್ಟಲೆ ಕಾದು ಪರಿಮಳ ಬರಿಸಿದ ಜನರನ್ನು ಕಂಡವಳಿಗೆ, ಒಂದು ಉಸಿರಿನಲ್ಲಿ ತೀರ್ಪು ಕೊಡುವವರನ್ನು ಕಂಡರೆ ಮೈ ಉರಿಯುತ್ತದೆ.

ಇನ್ನು ಕೇಕ್ ಅಂಗಡಿಯ ಮಾತು. ಅಡುಗೆಮನೆಯ ವಾಸನೆ ಮೈಗೆ ಬರಬಾರದೆಂದು ಯಾರು ಹೇಳಿದರು? ಎರಡನೆಯ ಚಾವುಂಡರಾಯ 1025ರ ಸುಮಾರಿಗೆ ಕನ್ನಡದಲ್ಲಿ ಬರೆದ ‘ಲೋಕೋಪಕಾರ’ದಲ್ಲಿ ಬಾವಿ ತೋಡುವ ವಿದ್ಯೆ, ಗಿಡಮರದ ಆರೈಕೆ, ದನಕರುಗಳ ವೈದ್ಯದ ಜೊತೆಗೆ ಅಡುಗೆಯೂ ಇದೆ, ಸುಗಂಧವೂ ಇದೆ. ಒಂದೇ ಪುಸ್ತಕದಲ್ಲಿ ಎರಡೂ. ಏಲಕ್ಕಿ, ಲವಂಗ, ಕೇಸರಿ, ಪಚ್ಚಕರ್ಪೂರ ಪಾಯಸಕ್ಕೂ ಬೀಳುತ್ತವೆ, ಗಂಧದ ಲೇಪಕ್ಕೂ ಬೀಳುತ್ತವೆ. ಅದಾಗಿ ನೂರು ವರ್ಷಕ್ಕೆ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ‘ಮಾನಸೋಲ್ಲಾಸ’ದಲ್ಲಿ ರಾಜನ ಮೈಗೆ ಪೂಸುವ ಲೇಪನ ಋತುವಿಗೆ ತಕ್ಕಂತೆ ಬದಲಾಗಬೇಕೆಂದ. ದಿನಬಳಕೆಯ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ಸಿಕ್ಕಿಲ್ಲ. ಬೆಂಗಳೂರಿನ ಡಿಸೆಂಬರಿನ ಬೆಳಿಗ್ಗೆ ಸ್ವೆಟರಿನೊಳಗೆ ಬೆಚ್ಚಗೆ ಕೂರುವ ಸಿಹಿ, ಮಂಗಳೂರಿನ ಏಪ್ರಿಲ್ ಸೆಕೆಯಲ್ಲಿ ಉಸಿರು ಕಟ್ಟಿಸುತ್ತದೆ. ಬಾಟಲಿ ಅದೇ, ಹವೆ ಬೇರೆ.

ನನಗೆ ನಿಜವಾಗಿ ಬೇಕಾದ ಸಿಹಿ ಇನ್ನೂ ಯಾವ ಬಾಟಲಿಯಲ್ಲೂ ಸಿಕ್ಕಿಲ್ಲ. ಅದು ಆಲೆಮನೆಯದು. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿದು, ನೊರೆ ತೆಗೆದು, ಜೋನಿ ಬೆಲ್ಲದ ಹದಕ್ಕೆ ಬರುವಾಗ ಏಳುವ ವಾಸನೆಯಲ್ಲಿ ಹಸಿ ಕಬ್ಬು, ಕಟ್ಟಿಗೆಯ ಹೊಗೆ, ಅಂಚಿಗೆ ಹತ್ತಿದ ಕಹಿ ಮೂರೂ ಇರುತ್ತವೆ. ಪಕ್ಕದ ಒಲೆಯಲ್ಲಿ ಕವುಚಿಟ್ಟ ಮಡಕೆಯ ಮೇಲೆ ತೊಡದೇವು ಎರೆಯುತ್ತಿದ್ದರೆ ಕೇಳುವುದೇ ಬೇಡ. ಬೆಲ್ಲದ ಆ ಆಳದ ಪರಿಮಳದಲ್ಲಿ ಸೊಟೊಲಾನ್ ಎಂಬ ಒಂದು ವಸ್ತುವಿದೆ. ಸ್ವಲ್ಪವಿದ್ದರೆ ಸುಟ್ಟ ಸಕ್ಕರೆ, ಹೆಚ್ಚಾದರೆ ಮೆಂತ್ಯ. ಮೆಂತ್ಯದ ವಾಸನೆಯೂ ಅದರದ್ದೇ, ಮೆಂತ್ಯ ತಿಂದವರ ಬೆವರಿಗೆ ಸಿಹಿ ವಾಸನೆ ಬರುವುದೂ ಅದರಿಂದಲೇ.

ಹಾಗಾದರೆ ಬಾಣಂತಿಗೆ ತಿಂಗಳುಗಟ್ಟಲೆ ಮೆಂತ್ಯದ ಉಂಡೆ ತಿನ್ನಿಸುತ್ತಿದ್ದ ನಮ್ಮ ಅಜ್ಜಿಯಂದಿರು ಇನ್ನೇನು ಮಾಡುತ್ತಿದ್ದರು? ಬಾಣಂತಿ ಕೋಣೆಗೆ ಕಾಲಿಟ್ಟರೆ ಬರುತ್ತಿದ್ದ ವಾಸನೆಯಲ್ಲಿ ಸಾಂಬ್ರಾಣಿ ಹೊಗೆಯಿತ್ತು, ಮಗುವಿಗೆ ತೇಯ್ದ ಬಜೆಯಿತ್ತು, ತುಪ್ಪವಿತ್ತು, ಅದೆಲ್ಲದರ ಅಡಿಯಲ್ಲಿ ತಾಯಿಯ ಮೈಯಿಂದಲೇ ಹೊರಡುವ ಆ ಕಹಿಸಿಹಿಯಿತ್ತು. ಸುಗಂಧ ಕಟ್ಟುವವರು ಒಮ್ಮೆ ಅಂಥ ಕೋಣೆಗೆ ಬಂದು ಹೋಗಬೇಕು. ಅಲ್ಲಿಂದ ಹೊರಟ ಸೆಂಟನ್ನು ನಾನು ಸೋಮವಾರ ಶನಿವಾರವೆನ್ನದೆ ಹಾಕಿಕೊಳ್ಳುತ್ತೇನೆ. ಮೇ ತಿಂಗಳಿಗೆ ಮಾತ್ರ ಒಂದು ಮೊಳ ಮಲ್ಲಿಗೆ ಸಾಕು.