ಗೊಮ್ಮಟನಿಗಿಂತ ಹಳೆಯ ವಂಶ

ಹಾಸನದಿಂದ ಅರಕಲಗೂಡಿಗೆ ಹೋಗುವ ದಾರಿಯಲ್ಲಿ ಗೊರೂರು, ಅಲ್ಲಿ ಹೇಮಾವತಿ ಅಣೆಕಟ್ಟು. ಇಲ್ಲಿಂದ ನದಿ ಹೊಳೆನರಸೀಪುರದತ್ತ, ನಾಲೆ ಚನ್ನರಾಯಪಟ್ಟಣದತ್ತ.

ಈ ಕಾವೇರಿ ಕಣಿವೆಯ ಹಳೆಯ ನಿವಾಸಿ ನೋಟಾಪ್ಟೆರಸ್ ಮೀನು. ಚೂರಿಯಂತೆ ಚಪ್ಪಟೆ ಮೈ. ಹೊಟ್ಟೆಯಡಿಯ ಉದ್ದನೆಯ ರೆಕ್ಕೆಯನ್ನು ಅಲೆಯಂತೆ ಆಡಿಸಿ ಮುಂದಕ್ಕೂ ಹಿಂದಕ್ಕೂ ಈಜುತ್ತದೆ. ನಾಲಗೆಯ ಎಲುಬಿನ ಮೇಲೂ ಹಲ್ಲು! ನೀರಿನಲ್ಲಿ ಆಮ್ಲಜನಕ ಸಾಲದಾದರೆ ಮೇಲೆ ಬಂದು ಗಾಳಿ ನುಂಗುತ್ತದೆ.

ಶ್ರವಣಬೆಳಗೊಳದ ಗೊಮ್ಮಟನಿಗೆ 1,000 ವರ್ಷ ದಾಟಿದೆ. ಈ ಎಲುಬುನಾಲಗೆಯ ಮೀನುಗಳ ವಂಶಕ್ಕೆ 10 ಕೋಟಿ ವರ್ಷಕ್ಕೂ ಮಿಗಿಲು, ಡೈನೋಸಾರ್‌ಗಳ ಸಮಕಾಲೀನ. ಇದರ ನೆಂಟರು ಆಫ್ರಿಕಾ, ದಕ್ಷಿಣ ಅಮೆರಿಕಗಳಲ್ಲೂ ಇದ್ದಾರೆ.

ಮಕ್ಕಳೇ, ಮಳೆಗಾಲದಲ್ಲಿ ಇದು ಕಲ್ಲು, ಗಿಡಗಳ ಮೇಲೆ ಮೊಟ್ಟೆಯಿಟ್ಟು ಕಾಯುತ್ತದೆ. ಆಗ ಬಲೆಗೆ ಬಿದ್ದರೆ ಕಾವಲೂ ಹೋಯಿತು, ಸಂತಾನವೂ ಹೋಯಿತು. ಪೋಷಕರೇ, ಆ ತಿಂಗಳುಗಳಲ್ಲಿ ಬಲೆಗೆ ಬಿಡುವಿರಲಿ.