ವಿಜಯನಗರದ ಬೀದಿಯಲ್ಲಿ ಡ್ರಮ್ಸ್‌ಗೊಂದು ಗೇಟು

ವಿಜಯನಗರದಲ್ಲಿ ವರ್ಷಕ್ಕೆ ಎರಡು ಸೀಸನ್. ಒಂದು ಗಣೇಶನದು, ಇನ್ನೊಂದು ರಾಜ್ಯೋತ್ಸವದ್ದು. ಭಾದ್ರಪದದಲ್ಲಿ ಶುರುವಾದ ಶಾಮಿಯಾನ ಒಂದು ಬೀದಿಯಿಂದ ಇನ್ನೊಂದು ಬೀದಿಗೆ ಹೋಗ್ತಾ ಹೋಗ್ತಾ ನವೆಂಬರ್ ಮುಗಿಯೋವರೆಗೂ ಮಡಚೋದೇ ಇಲ್ಲ. ಹಂಪಿನಗರ, ಆರ್‌ಪಿಸಿ ಲೇಔಟ್, ಅತ್ತಿಗುಪ್ಪೆ, ಮೂಡಲಪಾಳ್ಯ, ಯಾವ ಕಡೆ ಹೋದರೂ ಒಂದು ಅಡ್ಡರಸ್ತೆ ಮುಚ್ಚಿರುತ್ತೆ, ಹಳದಿ ಕೆಂಪು ಬಾವುಟ ಇರುತ್ತೆ, ಕಬ್ಬಿಣದ ಸ್ಟೇಜ್ ಮೇಲೆ ಆರ್ಕೆಸ್ಟ್ರಾದವರು 'ಹಲೋ ಚೆಕ್, ಹಲೋ ಚೆಕ್' ಅಂತಿರ್ತಾರೆ.

ಈ ಸ್ಟೇಜ್‌ಗಳ ಪಕ್ಕದಲ್ಲಿ ಮಿಕ್ಸರ್ ಹಿಡಿದು ನಿಲ್ಲೋ ಕೆಲಸ ನನ್ನದು, ಅದೂ ವಾರಾಂತ್ಯಗಳಲ್ಲಿ ಮಾತ್ರ. ಬ್ಯಾಂಡ್‌ನಲ್ಲಿ ಇರೋರೆಲ್ಲ ಇದೇ ಸುತ್ತಮುತ್ತಲಿನವರು. ಹಿಂದೆ ನಮ್ಮಲ್ಲಿ ತಾಳಕ್ಕೆ ಆಕ್ಟೋಪ್ಯಾಡ್ ಒಂದೇ ಇತ್ತು. ಕರ್ನಾಟಕದ ಯಾವ ಆರ್ಕೆಸ್ಟ್ರಾ ನೋಡಿದರೂ ರೋಲ್ಯಾಂಡ್ ಕಂಪನಿಯ ಆ ಎಂಟು ಚೌಕದ ಪ್ಯಾಡ್ ಕಾಣುತ್ತೆ ಅಲ್ವಾ, ಅದೇ. ಅದರಿಂದ ಒಂದು ಕೇಬಲ್ ಎಳೆದು ಮಿಕ್ಸರ್‌ಗೆ ಹಾಕಿದರೆ ಮುಗೀತು. ಮೈಕ್ ಇಲ್ಲ, ಸೋರಿಕೆ ಇಲ್ಲ. ಎರಡು ವರ್ಷದ ಹಿಂದೆ ನಮ್ಮ ಡ್ರಮ್ಮರ್ ಹುಡುಗ ನಿಜವಾದ ಡ್ರಮ್ ಸೆಟ್ ತಂದ. ಆವತ್ತಿನಿಂದ ಶುರುವಾಯ್ತು ಕಥೆ.

ಡ್ರಮ್ ಸೆಟ್‌ಗೆ ನಾವು ಏಳು ಮೈಕ್ ಇಡ್ತೀವಿ: ಕಿಕ್, ಸ್ನೇರ್, ಹೈ-ಹ್ಯಾಟ್, ಎರಡು ಟಾಮ್, ಒಂದು ಫ್ಲೋರ್ ಟಾಮ್, ಮೇಲೊಂದು ಓವರ್‌ಹೆಡ್. ಪ್ರತಿ ಮೈಕಿಗೂ ತನ್ನ ಮುಂದಿನ ಡ್ರಮ್ ಮಾತ್ರ ಕೇಳಿಸಬೇಕು ಅಂತ ನಮ್ಮ ಆಸೆ. ಮೈಕಿಗೆ ಆ ಶಿಸ್ತಿಲ್ಲ. ಟಾಮ್ ಮೈಕಿಗೆ ಸಿಂಬಲ್ ಕೇಳಿಸುತ್ತೆ, ಕಿಕ್ ಮೈಕಿಗೆ ಪಕ್ಕದ ಬಾಸ್ ಗಿಟಾರ್ ಆಂಪ್ಲಿಫೈಯರ್ ಕೇಳಿಸುತ್ತೆ, ಸ್ಟೇಜ್ ಹಿಂದಿನ ಜನರೇಟರ್ ಎಲ್ಲದಕ್ಕೂ ಕೇಳಿಸುತ್ತೆ. ಒಂದು ಇಡೀ ಹಾಡಿನಲ್ಲಿ ಫ್ಲೋರ್ ಟಾಮ್‌ಗೆ ಬೀಳೋ ಪೆಟ್ಟು ನಾಲ್ಕೋ ಆರೋ. ಉಳಿದ ನಾಲ್ಕು ನಿಮಿಷ ಆ ಮೈಕ್ ಸುಮ್ಮನೆ ಬಾಯಿ ತೆರೆದುಕೊಂಡು ಊರಿನ ಸದ್ದನ್ನೆಲ್ಲ ಸ್ಪೀಕರ್‌ಗೆ ಕಳಿಸ್ತಿರುತ್ತೆ.

ಇದರ ಜೊತೆಗೆ ನಮ್ಮ ಏರಿಯಾದ ರಚನೆಯೂ ಸೇರುತ್ತೆ. ವಿಜಯನಗರದ ಅಡ್ಡರಸ್ತೆಗಳು ಬಹಳಷ್ಟು 30 ಅಡಿಯವು. ಎರಡೂ ಕಡೆ ಮೂರು ಅಂತಸ್ತಿನ ಮನೆ, ಕೆಳಗೆ ಅಂಗಡಿಯ ರೋಲಿಂಗ್ ಶಟರ್. ಸ್ಟೇಜ್‌ನಿಂದ 15 ಮೀಟರ್ ದೂರದ ಗೋಡೆಗೆ ಬಡಿದ ಸದ್ದು ವಾಪಸ್ ಬರೋಕೆ 30 ಮೀಟರ್ ಓಡಬೇಕು. ಸದ್ದಿನ ವೇಗ ಸೆಕೆಂಡಿಗೆ ಸುಮಾರು 340 ಮೀಟರ್. ಅಂದರೆ ಸುಮಾರು 88 ಮಿಲಿಸೆಕೆಂಡ್ ತಡವಾಗಿ ಅದೇ ಸ್ನೇರ್ ಪೆಟ್ಟು ಮತ್ತೆ ಸ್ಟೇಜ್‌ಗೆ ಬರುತ್ತೆ, ತೆರೆದ ಏಳೂ ಮೈಕ್‌ಗಳ ಒಳಗೆ ಹೋಗುತ್ತೆ, ಮತ್ತೆ ಸ್ಪೀಕರ್‌ನಿಂದ ಹೊರಗೆ ಬರುತ್ತೆ. ಕಾರ್ಡ್ ರೋಡ್ ಹತ್ತಿರ ಆದರೆ ತಲೆ ಮೇಲೆ ಮೆಟ್ರೋ. 2015ರ ನವೆಂಬರ್‌ನಲ್ಲಿ ಈ ಭಾಗದ ನೇರಳೆ ಮಾರ್ಗ ಶುರುವಾದಾಗಿಂದ ಭಾವಗೀತೆಯ ಮಧ್ಯೆ ರೈಲಿನ ಗುಡುಗೂ ಸೇರಿಕೊಂಡಿದೆ.

ತೆರೆದ ಮೈಕ್‌ಗಳಿಗೆ ಇನ್ನೊಂದು ಲೆಕ್ಕ ಇದೆ. ಒಂದೇ ಮಟ್ಟದಲ್ಲಿ ತೆರೆದ ಮೈಕ್‌ಗಳ ಸಂಖ್ಯೆ ಎರಡರಷ್ಟಾದಾಗಲೆಲ್ಲ, ಕೂಗು ಬರುವ ಮುಂಚೆ ನಮಗೆ ಸಿಗುವ ವಾಲ್ಯೂಮ್ ಸುಮಾರು 3 ಡಿಬಿ ಕಮ್ಮಿಯಾಗುತ್ತೆ. ಒಂದು ಮೈಕ್ ಇದ್ದ ಕಡೆ ಎಂಟಾದರೆ 9 ಡಿಬಿ ಹೋಯ್ತು. ಗಾಯಕಿಯ ದನಿ ಮೇಲೆತ್ತೋಕೆ ಹೋದರೆ 'ಕುಂಯ್' ಅನ್ನೋ ಫೀಡ್‌ಬ್ಯಾಕ್ ಬರೋದಕ್ಕೆ ಎಷ್ಟೋ ಸಲ ಡ್ರಮ್ ಮೈಕ್‌ಗಳೂ ಕಾರಣ. ಆಗ ಸಮಿತಿಯವರು ಬಂದು ಗಾಯಕಿಯನ್ನೇ ಜೋರಾಗಿ ಹಾಡಿ ಅಂತಾರೆ!

ಗೇಟ್ ಅನ್ನೋ ಉಪಕರಣ ಬೇಕಾಗೋದು ಇಲ್ಲಿ. ನಮ್ಮ ಮನೆ ಕಾಂಪೌಂಡ್ ಗೇಟಿನ ಹಾಗೇ ಅದರ ಕೆಲಸ. ಜೋರಾಗಿ ತಟ್ಟಿದರೆ ತೆರೆಯುತ್ತೆ, ಇಲ್ಲದಿದ್ದರೆ ಮುಚ್ಚಿರುತ್ತೆ. ಎಷ್ಟು ಜೋರು ಅನ್ನೋದು ಥ್ರೆಶೋಲ್ಡ್. ಎಷ್ಟು ಬೇಗ ತೆರೀಬೇಕು ಅನ್ನೋದು ಅಟ್ಯಾಕ್. ತೆರೆದ ಮೇಲೆ ಎಷ್ಟು ಹೊತ್ತು ಹಾಗೇ ಇರಬೇಕು ಅನ್ನೋದು ಹೋಲ್ಡ್. ಎಷ್ಟು ನಿಧಾನ ಮುಚ್ಚಬೇಕು ಅನ್ನೋದು ರಿಲೀಸ್. ಮುಚ್ಚಿದಾಗ ಪೂರ್ತಿ ಮುಚ್ಚಬೇಕೋ ಸ್ವಲ್ಪ ಸಂದು ಬಿಡಬೇಕೋ ಅನ್ನೋದು ರೇಂಜ್.

ಇದನ್ನೆಲ್ಲ ಓದಿಕೊಂಡು ಬ್ಯಾಂಡಿನ ನಾಲ್ಕು ಜನ ಸೇರಿ ಲೆಕ್ಕ ಹಾಕಿದಾಗ ಕೈಯಲ್ಲಿದ್ದದ್ದು 30 ಸಾವಿರ ರೂಪಾಯಿ. ಡ್ರಮ್ ಸೆಟ್‌ನ ಇಎಂಐ ಇನ್ನೂ ನಡೀತಾ ಇತ್ತು. ಅದರ ಹಿಂದಿನ ತಿಂಗಳಷ್ಟೇ ಒಂದು ಸಮಿತಿಯವರು 'ಡ್ರಮ್ಸ್ ಬಂದ್ಮೇಲೆ ಹಾಡೇ ಕೇಳ್ಸಲ್ಲ ಗುರೂ, ಮುಂದಿನ ಸಲ ಪ್ಯಾಡ್ ಹುಡುಗನ್ನೇ ಕರ್ಕೊಂಡ್ ಬನ್ನಿ' ಅಂದಿದ್ದರು. ಡ್ರಮ್ಮರ್‌ಗೆ ಅದು ತಮಾಷೆಯ ಮಾತಾಗಿರಲಿಲ್ಲ. ಗಣೇಶನಿಂದ ರಾಜ್ಯೋತ್ಸವದ ತನಕ ಸಿಗುವ ಕಾರ್ಯಕ್ರಮಗಳಲ್ಲೇ ಅವನ ಅರ್ಧ ವರ್ಷದ ಬಾಡಿಗೆ ಇದೆ.

ವಿಜಯನಗರದಿಂದ ಮೆಟ್ರೋ ಹತ್ತಿ ಮೆಜೆಸ್ಟಿಕ್‌ನಲ್ಲಿ ಇಳಿದು, ಹಸಿರು ಮಾರ್ಗಕ್ಕೆ ಬದಲಾಯಿಸಿ ಚಿಕ್ಕಪೇಟೆಯಲ್ಲಿ ಇಳಿದರೆ ಎಸ್‌ಪಿ ರೋಡ್ ನಡೆದು ಹೋಗುವಷ್ಟೇ ದೂರ. ಕೇಬಲ್, ಕನೆಕ್ಟರ್, ಹಳೇ ಆಂಪ್ಲಿಫೈಯರ್, ಎಲ್ಲದರ ಸಂತೆ ಅದು. ಒಂದು ಶನಿವಾರ ಇಡೀ ದಿನ ಅಲ್ಲಿ, ಆಮೇಲೆ ಸೀಸನ್ ಮುಗಿಸಿ ಸಾಮಾನು ಮಾರೋ ಸೌಂಡ್ ಬಾಡಿಗೆಯವರ ಗೋಡೌನ್‌ಗಳಲ್ಲಿ ಎರಡು ಭಾನುವಾರ ಕಳೆದೆವು. ನೋಡಿದ್ದರಲ್ಲಿ ನಮ್ಮಂಥವರ ಕೈಗೆಟುಕುವ ಸಾಮಾನು ಮೂರು ನಾಲ್ಕು ಬಗೆ.

ಬೆಹ್ರಿಂಜರ್‌ನ ಎಕ್ಸ್‌ಆರ್4400: ಒಂದೇ ಪೆಟ್ಟಿಗೆಯಲ್ಲಿ ನಾಲ್ಕು ಗೇಟ್. ಅದೇ ಕಂಪನಿಯ ಎಂಡಿಎಕ್ಸ್4600: ನಾಲ್ಕು ಚಾನೆಲ್ ಕಂಪ್ರೆಸರ್, ಪ್ರತಿಯೊಂದರಲ್ಲೂ ಸರಳವಾದ ಗೇಟ್ ಕೂಡ ಇದೆ. ಎಂಡಿಎಕ್ಸ್2600 ಎರಡು ಚಾನೆಲ್‌ನದು. ಡಿಬಿಎಕ್ಸ್ ಕಂಪನಿಯ 166ಎಕ್ಸ್‌ಎಸ್ ಮತ್ತು 266ಎಕ್ಸ್‌ಎಸ್ ಕೂಡ ಎರಡು ಚಾನೆಲ್‌ನ ಕಂಪ್ರೆಸರ್-ಗೇಟ್‌ಗಳು. ದೊಡ್ಡ ಸೌಂಡ್ ಕಂಪನಿಗಳ ರ‍್ಯಾಕ್‌ನಲ್ಲಿ ಡ್ರಾಮರ್ ಡಿಎಸ್201 ಅನ್ನೋ ಬ್ರಿಟಿಷ್ ಗೇಟ್ ಇರುತ್ತೆ. ದಶಕಗಳಿಂದ ಡ್ರಮ್ಸ್ ಗೇಟ್ ಅಂದರೆ ಅದೇ ಹೆಸರು. ನಮ್ಮ ಬಜೆಟ್‌ಗೆ ಅದು ನೋಡಿ ಸಂತೋಷಪಡುವ ವಸ್ತು.

ಆರಿಸೋವಾಗ ನಾವು ಕೇಳಿಕೊಂಡ ಮೊದಲ ಪ್ರಶ್ನೆ: ಏಳು ಮೈಕ್‌ಗಳಲ್ಲಿ ಯಾವುದಕ್ಕೆ ಗೇಟ್ ನಿಜಕ್ಕೂ ಬೇಕು? ಓವರ್‌ಹೆಡ್ ಮತ್ತು ಹೈ-ಹ್ಯಾಟ್‌ಗೆ ಬೇಡವೇ ಬೇಡ. ಸಿಂಬಲ್‌ನ ಉದ್ದನೆಯ ನಾದ ಮಧ್ಯದಲ್ಲೇ ಕತ್ತರಿಸಿ ಹೋಗುತ್ತೆ. ಸ್ನೇರ್‌ಗೆ ಯೋಚನೆ ಮಾಡಿ ಹಾಕಬೇಕು. ನಿಧಾನದ ಹಾಡುಗಳಲ್ಲಿ ಡ್ರಮ್ಮರ್ ಮೆಲ್ಲಗೆ ಬಾರಿಸೋ ಸಣ್ಣ ಪೆಟ್ಟುಗಳೆಲ್ಲ ಗೇಟಿನ ಹೊರಗೇ ಉಳಿದುಬಿಡುತ್ತವೆ. ಉಳಿದದ್ದು ಕಿಕ್ ಮತ್ತು ಮೂರು ಟಾಮ್. ಲೆಕ್ಕ ಸರಿಯಾಗಿ ನಾಲ್ಕಕ್ಕೆ ಬಂತು. ಹಾಗಾಗಿ ಸೆಕೆಂಡ್‌ಹ್ಯಾಂಡ್ ನಾಲ್ಕು ಚಾನೆಲ್ ಗೇಟ್ ಒಂದು, ಎರಡು ಚಾನೆಲ್ ಕಂಪ್ರೆಸರ್ ಒಂದು. ಕಂಪ್ರೆಸರ್ ಕಿಕ್ ಮತ್ತು ಸ್ನೇರ್‌ಗೆ.

ಎರಡನೇ ಪ್ರಶ್ನೆ ಮಿಕ್ಸರ್‌ನದು. ಈ ಪೆಟ್ಟಿಗೆಗಳನ್ನು ಸಿಕ್ಕಿಸೋಕೆ ಮಿಕ್ಸರ್‌ನ ಚಾನೆಲ್‌ನಲ್ಲಿ 'ಇನ್ಸರ್ಟ್' ಅನ್ನೋ ತೂತು ಇರಬೇಕು. ಚಿಕ್ಕ ಮಿಕ್ಸರ್‌ಗಳಲ್ಲಿ ಅದು ಮೊದಲ ಕೆಲವು ಚಾನೆಲ್‌ಗೆ ಮಾತ್ರ ಇರುತ್ತೆ, ಕೆಲವದರಲ್ಲಿ ಇರೋದೇ ಇಲ್ಲ. ಒಂದು ಕಡೆ ಸ್ಟೀರಿಯೋ ಜ್ಯಾಕ್, ಇನ್ನೊಂದು ಕಡೆ ಎರಡು ಮೋನೋ ಜ್ಯಾಕ್ ಇರೋ ವೈ ಆಕಾರದ ಕೇಬಲ್ ಬೇಕು. ನಾಲ್ಕು ಗೇಟಿಗೆ ನಾಲ್ಕು. ಕಿಕ್‌ನಲ್ಲಿ ಗೇಟ್, ಕಂಪ್ರೆಸರ್ ಎರಡೂ ಇರೋದ್ರಿಂದ ಗೇಟಿನ ಔಟ್‌ಪುಟ್‌ನಿಂದ ಕಂಪ್ರೆಸರ್‌ಗೆ ಇನ್ನೊಂದು ತುಂಡು ಕೇಬಲ್. ಪೆಟ್ಟಿಗೆ ಕೊಳ್ಳೋವಾಗ ಈ ಕೇಬಲ್‌ಗಳ ಖರ್ಚನ್ನೂ ಅದೇ ಬಜೆಟ್‌ನಲ್ಲಿ ಸೇರಿಸಿಕೊಳ್ಳಿ.

ಹಳೇ ಸಾಮಾನು ತಗೊಳ್ಳೋವಾಗ ಹೆಡ್‌ಫೋನ್ ಮತ್ತು ಒಂದು ಮೈಕ್ ಜೊತೆಗಿರಲಿ. ಪ್ರತಿ ಚಾನೆಲ್‌ಗೂ ಸದ್ದು ಕೊಟ್ಟು ಪ್ರತಿ ನಾಬ್ ತಿರುಗಿಸಿ. ಕರಕರ ಅಂದರೆ ಒಳಗೆ ಧೂಳಿದೆ, ಚೌಕಾಸಿಗೆ ಅದು ಸಾಕು. ಸದ್ದು ಬಂದು ಬಂದು ಹೋಗ್ತಿದ್ದರೆ ಬಿಟ್ಟುಬಿಡಿ. ಹಿಂಭಾಗದಲ್ಲಿ ವೋಲ್ಟೇಜ್ ನೋಡಿ. ಹೊರದೇಶದಿಂದ ಬಂದ ಕೆಲವು 115 ವೋಲ್ಟ್‌ನವು ಇರುತ್ತವೆ. ನಮ್ಮ 230 ವೋಲ್ಟ್‌ಗೆ ಹಾಕಿದರೆ ಕಥೆ ಮುಗೀತು.

ಸೆಟ್ಟಿಂಗ್ ವಿಷಯಕ್ಕೆ ಬಂದರೆ, ನಮಗೆ ಕೆಲಸಕ್ಕೆ ಬಂದ ಆರಂಭದ ಅಂದಾಜು ಇದು. ಕಿಕ್ ಗೇಟ್: ಅಟ್ಯಾಕ್ ಆದಷ್ಟು ವೇಗ, ಹೋಲ್ಡ್ 50 ಮಿಲಿಸೆಕೆಂಡ್ ಆಸುಪಾಸು, ರಿಲೀಸ್ 150. ಟಾಮ್‌ಗೆ ರಿಲೀಸ್ ಇನ್ನೂ ಉದ್ದ, 300ರ ಮೇಲೆ, ಇಲ್ಲದಿದ್ದರೆ ಟಾಮ್‌ನ ಗುಂಯ್‌ಗಾರ ಹೋಗಿ ರಟ್ಟಿನ ಡಬ್ಬ ಬಡಿದಂಗಾಗುತ್ತೆ. ರೇಂಜ್ ಪೂರ್ತಿ ಮುಚ್ಚೋದು ಬೇಡ, 15ರಿಂದ 20 ಡಿಬಿ ಇಳಿಸಿದರೆ ಸಾಕು. ಗೇಟ್ ತೆರೆದು ಮುಚ್ಚೋದು ಆಗ ಕಿವಿಗೆ ಗೊತ್ತಾಗಲ್ಲ. ಸಿಂಬಲ್ ಹೊಡೆದಾಗಲೂ ಟಾಮ್ ಗೇಟ್ ತೆರೀತಿದ್ದರೆ ಕೀ ಫಿಲ್ಟರ್ ಬಳಸಿ. ಗೇಟ್ ಯಾವ ಸ್ವರಕ್ಕೆ ಕಿವಿಗೊಡಬೇಕು ಅಂತ ಅದು ತೀರ್ಮಾನಿಸುತ್ತೆ. ಮೇಲಿನ ಸ್ವರಗಳನ್ನು ಕಟ್ ಮಾಡಿದರೆ ಸಿಂಬಲ್‌ಗೆ ಬಾಗಿಲು ತೆರೆಯೋದು ಕಮ್ಮಿಯಾಗುತ್ತೆ.

ಕಂಪ್ರೆಸರ್ ಬೇರೆ ಸ್ವಭಾವದ್ದು. ಮಿತಿ ಮೀರಿದ ಸದ್ದನ್ನು ಅದು ತಗ್ಗಿಸುತ್ತೆ. ಅನುಪಾತ 4:1 ಇಟ್ಟರೆ, ಮಿತಿಗಿಂತ 8 ಡಿಬಿ ಜೋರಾದ ಪೆಟ್ಟು 2 ಡಿಬಿ ಮಾತ್ರ ಜೋರಾಗಿ ಹೊರಬರುತ್ತೆ. ಅಟ್ಯಾಕ್ 20-30 ಮಿಲಿಸೆಕೆಂಡ್ ಇಟ್ಟರೆ ಕೋಲಿನ ಮೊದಲ 'ಟಕ್' ಹಾಗೇ ದಾಟಿ ಬರುತ್ತೆ, ಆಮೇಲಿನದು ಹಿಡಿತಕ್ಕೆ ಸಿಗುತ್ತೆ. ಮೀಟರ್‌ನಲ್ಲಿ 4ರಿಂದ 6 ಡಿಬಿ ಇಳಿತ ಕಂಡರೆ ಸಾಕು. ತಗ್ಗಿದ್ದನ್ನು ಸರಿದೂಗಿಸೋಕೆ ಔಟ್‌ಪುಟ್ 6 ಡಿಬಿ ಏರಿಸಿದರೆ, ಸೋರಿಕೆಯೂ 6 ಡಿಬಿ ಏರುತ್ತೆ, ಫೀಡ್‌ಬ್ಯಾಕ್ ಕೂಡ ಅಷ್ಟೇ ಹತ್ತಿರ ಬರುತ್ತೆ. ಅದಕ್ಕೇ ಮೊದಲು ಗೇಟ್, ನಂತರ ಕಂಪ್ರೆಸರ್. ಒಂದನ್ನೇ ಕೊಳ್ಳೋ ಹಣ ಇದ್ದರೆ, ಬೀದಿ ಕಾರ್ಯಕ್ರಮಕ್ಕೆ ಗೇಟನ್ನೇ ಆರಿಸಿಕೊಳ್ಳಿ.

'ಡಿಜಿಟಲ್ ಮಿಕ್ಸರ್ ತಗೋಬಹುದಿತ್ತಲ್ಲ?' ಅಂತ ನೀವು ಕೇಳಬಹುದು. ಸರಿಯಾದ ಪ್ರಶ್ನೆ. ಬೆಹ್ರಿಂಜರ್ ಎಕ್ಸ್‌ಆರ್18, ಸೌಂಡ್‌ಕ್ರಾಫ್ಟ್ ಯುಐ24ಆರ್ ಥರದವುಗಳಲ್ಲಿ ಮೈಕ್ ಚಾನೆಲ್‌ಗಳಿಗೆಲ್ಲ ಗೇಟ್, ಕಂಪ್ರೆಸರ್ ಒಳಗೇ ಇವೆ. ಟ್ಯಾಬ್ಲೆಟ್ ಹಿಡಿದು ಜನರ ಮಧ್ಯೆ ನಿಂತೇ ಸರಿಮಾಡಬಹುದು. ಮಿಕ್ಸರ್ ಇನ್ನೂ ಕೊಂಡಿಲ್ಲದವರು ನೇರವಾಗಿ ಅಲ್ಲಿಗೇ ಹೋಗೋದು ಒಳ್ಳೇದು. ನಮ್ಮ ಹತ್ತಿರ ಇನ್ಸರ್ಟ್ ಇರೋ ಒಳ್ಳೇ ಅನಲಾಗ್ ಮಿಕ್ಸರ್ ಆಗಲೇ ಇತ್ತು, 30 ಸಾವಿರದಲ್ಲಿ ಡಿಜಿಟಲ್ ಬರುತ್ತಿರಲಿಲ್ಲ. ಇಡೀ ಸೀಸನ್‌ಗೆ ಮೂರು ನಾಲ್ಕೇ ಕಾರ್ಯಕ್ರಮ ಇರೋರು ಬಾಡಿಗೆಗೆ ತಂದರೂ ಸಾಕು.

ಹಣವೇ ಬೇಡದ ಕೆಲಸಗಳೂ ಇವೆ, ಪೆಟ್ಟಿಗೆ ತರುವ ಮುಂಚೆ ಅವನ್ನು ಮಾಡಿದೆವು. ಟಾಮ್‌ಗಳನ್ನು ಸರಿಯಾಗಿ ಶ್ರುತಿ ಮಾಡೋದು, ಕಿಕ್ ಒಳಗೆ ಒಂದು ದಿಂಬು ಇಡೋದು, ಮೈಕಿನ ಬೆನ್ನು ಸಿಂಬಲ್ ಕಡೆ ಇರೋ ಹಾಗೆ ತಿರುಗಿಸೋದು, ಸ್ಟೇಜನ್ನು ಶಟರ್‌ಗಳಿಗೆ ಎದುರಾಗಿ ಹಾಕದೆ ರಸ್ತೆಯ ಉದ್ದಕ್ಕೆ ಮುಖ ಮಾಡಿಸೋದು. ಗೋಡೆಯ ಪ್ರತಿಧ್ವನಿಯನ್ನು ಯಾವ ಗೇಟೂ ತಡೆಯೋಕೆ ಆಗಲ್ಲ. ಅದು ಮತ್ತೆ ಮೈಕಿನೊಳಗೆ ಹೋಗಿ ಸುತ್ತು ಹಾಕೋದನ್ನು ಮಾತ್ರ ಕಮ್ಮಿ ಮಾಡುತ್ತೆ.

ನವೆಂಬರ್‌ನ ಒಂದು ಸಂಜೆ ಹಂಪಿನಗರದ ಕಾರ್ಯಕ್ರಮದಲ್ಲಿ ಇದೆಲ್ಲ ಪರೀಕ್ಷೆಗೆ ಬಂತು. ನಾಲ್ಕು ಗೇಟಿನ ಹಸಿರು ದೀಪಗಳು ಪೆಟ್ಟಿಗೆ ತಕ್ಕಂತೆ ಮಿಣುಕ್ತಾ ಇದ್ದವು. ಗಾಯಕಿಯ ಮಾತು ಸ್ಪಷ್ಟವಾಗಿ ಕೇಳಿಸ್ತಿತ್ತು, ಹಾಗಾಗಿ ಒಟ್ಟು ವಾಲ್ಯೂಮನ್ನು ನಾನು ಹಿಂದಿನ ಸಲಕ್ಕಿಂತ ಕೆಳಗೇ ಇಟ್ಟಿದ್ದೆ. ಡ್ರಮ್ಸ್ ಜೋರಾಯ್ತು ಅಂತ ಯಾರೂ ಹೇಳಲಿಲ್ಲ. ಡ್ರಮ್ಸ್ ಚೆನ್ನಾಗಿತ್ತು ಅಂತಲೂ ಯಾರೂ ಹೇಳಲಿಲ್ಲ, ಅದು ನಮ್ಮ ಡ್ರಮ್ಮರ್‌ಗೆ ಸ್ವಲ್ಪ ಬೇಜಾರು.

ಆ ಕೆಳಗಿಟ್ಟ ವಾಲ್ಯೂಮ್ ನನಗೆ ಮುಖ್ಯ ಅನ್ನಿಸುತ್ತೆ. 2000ದ ಶಬ್ದಮಾಲಿನ್ಯ ನಿಯಮದ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲಿಗೆ 55 ಡೆಸಿಬೆಲ್, ರಾತ್ರಿಗೆ 45 ಮಿತಿ. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ವರ್ಷಕ್ಕೆ ಹೆಚ್ಚೆಂದರೆ 15 ದಿನ ಹಬ್ಬ ಹರಿದಿನಕ್ಕೆ ಮಧ್ಯರಾತ್ರಿವರೆಗೆ ಸರ್ಕಾರ ವಿನಾಯಿತಿ ಕೊಡಬಹುದು. ಬರೀ ಡ್ರಮ್ ಸೆಟ್ ಮೈಕ್ ಇಲ್ಲದೆಯೇ 55 ದಾಟುತ್ತೆ ಅನ್ನೋದು ಬೀದಿಯಲ್ಲಿ ನಿಂತ ಯಾರಿಗಾದರೂ ಗೊತ್ತು. ಅದೇ ಬೀದಿಯಲ್ಲಿ ಪರೀಕ್ಷೆಗೆ ಓದೋ ಮಕ್ಕಳಿದ್ದಾರೆ, ಹಾಸಿಗೆ ಹಿಡಿದ ಅಜ್ಜಿಯರಿದ್ದಾರೆ, ನೈಟ್ ಶಿಫ್ಟ್‌ಗೆ ಹೋಗೋ ಮುಂಚೆ ನಿದ್ದೆ ಬೇಕಾದವರಿದ್ದಾರೆ. ಹಾಡು ಕೇಳಿಸಬೇಕು ಅಂತ ಎಲ್ಲವನ್ನೂ ಜೋರು ಮಾಡೋದು ಬಿಟ್ಟು, ಬೇಡದ್ದನ್ನು ಮುಚ್ಚೋಕೆ ಕಲಿತರೆ ಅವರಿಗೂ ಸ್ವಲ್ಪ ಉಪಕಾರ.

ಈ ವರ್ಷ ಅದೇ ಡ್ರಮ್ಮರ್‌ಗೆ ಮೂಡಲಪಾಳ್ಯದಿಂದ ಎರಡು, ಚಂದ್ರಾ ಲೇಔಟ್‌ನಿಂದ ಒಂದು ಕಾರ್ಯಕ್ರಮ ಬಂದಿದೆ. 'ಪ್ಯಾಡ್ ಹುಡುಗನ್ನ ಕರ್ಕೊಂಡ್ ಬನ್ನಿ' ಅಂದಿದ್ದ ಸಮಿತಿಯವರೂ ಫೋನ್ ಮಾಡಿದ್ದರು. ಡ್ರಮ್ಸ್ ಬರಲಿ, ಆದರೆ ಹತ್ತು ಗಂಟೆಗೆ ಸರಿಯಾಗಿ ನಿಲ್ಲಿಸಬೇಕು ಅಂದರು. ಒಪ್ಪಿಕೊಂಡಿದ್ದೀವಿ.